ನೆಟ್ಟಗಿದ್ದ ನಂಬರು

ಭಾವನಿಗೆ ನಾದಿನಿಯನ್ನು ಕಂಡರೆ ಆಗುತ್ತಿರಲಿಲ್ಲ, ನಾದಿನಿಗೆ ಭಾವನನ್ನು ಕಂಡರೆ ಮೈಯೆಲ್ಲ ಉರಿ. ಇಂಥ ಹಾವು ಮುಂಗುಸಿಗಳು ದಿನಾ ಬೆಳಗಾದರೆ ಒಂದೇ ಮೇಜಿನ ಮುಂದೆ ಕೂರಬೇಕಿತ್ತು. ಕೆರೆಯಂಚಿನ ಜೊಂಡಿನ ನಡುವೆ ಕಟ್ಟಿದ ಬಲೆಯಿಂದ ಹಕ್ಕಿಯನ್ನು ಬಿಡಿಸಿ ತಂದು, ಕಾಲಿಗೆ ನಂಬರು ಕೊರೆದ ಉಂಗುರ ತೊಡಿಸಿ, ತೂಗಿ, ಹಾರಿಬಿಡುವುದು ಅವರ ಕೆಲಸ. ಮುಂದೆಂದೋ ಎಲ್ಲೋ ಅದೇ ಹಕ್ಕಿ ಸಿಕ್ಕರೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಭಾವ ಆ ಹಕ್ಕಿ ಕೇಂದ್ರದ ಯಜಮಾನ, ನಾದಿನಿ ಅವನ ಕೈಕೆಳಗೆ ಕಲಿಯುತ್ತಿದ್ದವಳು. ಇಬ್ಬರ ನಡುವೆ ತೂಕ ನೋಡುತ್ತ, ಫೋಟೋ ತೆಗೆಯುತ್ತ, ಯಾರ ಮುಖವನ್ನೂ ನೋಡದೆ ಕೂರುವವಳು ಅಕ್ಕ. ಅವನಿಗೆ ಹೆಂಡತಿ, ಇವಳಿಗೆ ಒಡಹುಟ್ಟಿದವಳು. ಅಡಕತ್ತರಿಗೆ ಸಿಕ್ಕಿದ ಅಡಕೆ.

ನಾದಿನಿ ಎಡಚಿ. ಎಲ್ಲರೂ ಹಕ್ಕಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಇಕ್ಕಳ ಒತ್ತಿದರೆ ಇವಳದು ಉಲ್ಟಾ. ಹಾಗಾಗಿ ಇವಳು ತೊಡಿಸಿದ ಉಂಗುರದ ನಂಬರು ಯಾವಾಗಲೂ ತಲೆಕೆಳಗಾಗಿ ಕೂರುತ್ತಿತ್ತು. ಹಕ್ಕಿಗೇನೂ ನೋವಿಲ್ಲ, ಓದುವವರು ಕತ್ತು ಸೊಟ್ಟ ಮಾಡಬೇಕು, ಅಷ್ಟೆ.

“ನಿನ್ನ ಹಕ್ಕಿ ಓದೋಷ್ಟರಲ್ಲಿ ನನ್ನ ಕತ್ತು ಉಳುಕುತ್ತೆ ಕಣೇ, ಎಡಚಿ,” ಎಂದು ಭಾವ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದ. ಬಂದವರು ನಗುತ್ತಿದ್ದರು. ಅವಳು ಹಲ್ಲು ಕಚ್ಚಿಕೊಂಡು ಮುಂದಿನ ಹಕ್ಕಿಯ ಚೀಲ ಬಿಚ್ಚುತ್ತಿದ್ದಳು.

ಅಂದು ಪರೀಕ್ಷಕಿ ಬರುವವಳಿದ್ದಳು. ಅವಳು ಹೂಂ ಎಂದರೆ ನಾದಿನಿಗೆ ಸ್ವಂತ ಪರವಾನಗಿ. ಆಮೇಲೆ ಕೆರೆಯ ಆಚೆ ದಡದಲ್ಲಿ ತನ್ನದೇ ಬಲೆ, ತನ್ನದೇ ಮೇಜು. ಬೆಳಗೆದ್ದು ಈ ಮನುಷ್ಯನ ಮುಖ ನೋಡುವ ಹಣೆಬರಹ ತಪ್ಪುತ್ತದೆ. ಅವಳಿಗೆ ಅದಕ್ಕಿಂತ ದೊಡ್ಡ ವರ ಬೇಕಿರಲಿಲ್ಲ.

ಮೊದಲ ಸುತ್ತಿನಲ್ಲೇ ಹಳೆಯ ಉಂಗುರವಿದ್ದ ಪುಟ್ಟ ಉಲಿಯಕ್ಕಿಯೊಂದು ಬಲೆಗೆ ಬಿತ್ತು. ಭಾವ ಅದನ್ನು ಚೀಲದಿಂದ ತೆಗೆದು ನಂಬರನ್ನು ಗಡಗಡ ಓದಿ ಹೇಳಿದ. ಹೋದ ವರ್ಷ ಇದೇ ಕೇಂದ್ರದಲ್ಲಿ ಹಾಕಿದ ಉಂಗುರ. ಆಮೇಲೆ ಕಾಲು ನೋಡಿದ. ಉಂಗುರದ ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕಾಲನ್ನು ಅಮುಕಿತ್ತು. ಕಾಲು ಊದಿ ಕೆಂಪಗಾಗಿತ್ತು.

“ನೋಡು ನಿನ್ನ ಕೈಚಳಕ! ಇಕ್ಕಳಾನ ಎಲ್ಲಿಗೆ ನಿಲ್ಲಿಸಬೇಕು ಅಂತ ಗೊತ್ತಿಲ್ಲ, ಇವಳಿಗೆ ಪರವಾನಗಿ ಬೇರೆ ಕೇಡು. ಬರಲಿ ಅವರು, ತೋರಿಸ್ತೀನಿ,” ಎಂದ ಭಾವ.

ಕಲಿಯುವವರು ಹಾಕಿದ ಉಂಗುರವೂ ಗುರುವಿನ ಹೆಸರಿಗೇ ಸೇರುವುದರಿಂದ ಇದು ಯಾರು ಹಾಕಿದ್ದೆಂದು ಎಲ್ಲೂ ಬರೆದಿರಲಿಲ್ಲ. ನಾನೇ ಇರಬಹುದೇ? ನಾದಿನಿ ಹಾಗೆಂದುಕೊಳ್ಳುತ್ತಿದ್ದಾಗಲೇ ಹೊಳೆಯಿತು: ಭಾವ ಕತ್ತು ತಿರುಗಿಸಲೇ ಇಲ್ಲ. ಅವಳು ಹಕ್ಕಿಯನ್ನು ಅವನ ಕೈಯಿಂದ ಈಸಿಕೊಂಡು ನೋಡಿದಳು. ನಂಬರು ನೆಟ್ಟಗಿತ್ತು. ಉಂಗುರ ಕಾಲಿನ ಸುತ್ತ ತಿರುಗಬಹುದು, ತಲೆಕೆಳಗಾಗಲು ಬರುವುದಿಲ್ಲ.

“ಭಾವ, ಇವತ್ತು ಕತ್ತು ಉಳುಕಲಿಲ್ವಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಭಾವನ ಕೈ ತಾನಾಗಿ ಕತ್ತಿಗೆ ಹೋಯಿತು. ಮರುಕ್ಷಣವೇ ಅವನಿಗೆ ಹಕ್ಕಿಯ ಮೇಲೆ ಇಲ್ಲದ ಕರುಣೆ ಉಕ್ಕಿ ಬಂತು. “ಅಯ್ಯೋ, ಬಾಯಿ ಬಿಡ್ತಿದೆ ನೋಡು! ಕೊಲ್ತೀಯೇನೆ? ಮೊದಲು ರಿಂಗ್ ಬಿಚ್ಚು, ಮಾತು ಆಮೇಲೆ.”

ಪಾಪಿ ಹೇಳಿದ್ದು ನಿಜವೇ ಆಗಿತ್ತು. ಹಕ್ಕಿ ಕೊಕ್ಕು ತೆರೆದು ಏದುತ್ತಿತ್ತು, ಕಣ್ಣು ಅರೆಮುಚ್ಚುತ್ತಿತ್ತು. ಹಕ್ಕಿ ಮೊದಲು, ಉಳಿದದ್ದೆಲ್ಲ ಆಮೇಲೆ ಎಂಬುದು ಈ ಕೆಲಸದ ಮೊದಲ ಪಾಠ. ಆದರೆ ಉಂಗುರ ಕಾಲಲ್ಲಿ ಇರುವವರೆಗೆ ಮಾತ್ರ ಸಾಕ್ಷಿ. ಬಿಚ್ಚಿ ಮೇಜಿನ ಮೇಲಿಟ್ಟ ತಗಡಿಗೆ ಮೇಲು ಯಾವುದು, ಕೆಳಗು ಯಾವುದು?

“ಅಕ್ಕ, ಬೇಗ ಒಂದು ಫೋಟೋ ತೆಗಿ. ನಂಬರು ಕಾಣೋ ಹಾಗೆ.”

ಅಕ್ಕ ಫೋನು ಎತ್ತಿದಳು. ಭಾವ ಹೆಂಡತಿಯನ್ನು ನೋಡಿದ, ಅಷ್ಟೆ. ಅಕ್ಕ ಫೋನು ಇಳಿಸಿದಳು.

“ಚಾರ್ಜ್ ಇಲ್ಲ ಕಣೇ,” ಎಂದಳು. ಅವಳ ಅಂಗೈಯಲ್ಲಿ ಪರದೆ ಬೆಳಗುತ್ತಲೇ ಇತ್ತು.

ನಾದಿನಿ ಇಕ್ಕಳ ತೆಗೆದುಕೊಂಡಳು. ಉಸಿರು ಬಿಗಿಹಿಡಿದು, ಒಂದರ ಮೇಲೊಂದು ಹತ್ತಿದ್ದ ತುದಿಗಳನ್ನು ಎಡಗೈಯಿಂದಲೇ ಸ್ವಲ್ಪ ಸ್ವಲ್ಪವಾಗಿ ಬಿಡಿಸಿದಳು. ಕಾಲಿನ ಚರ್ಮಕ್ಕೆ ಒಂದು ಗೀರೂ ಆಗಲಿಲ್ಲ. ಅಂಗೈ ತೆರೆದಾಗ ಹಕ್ಕಿ ಸ್ವಲ್ಪ ಹೊತ್ತು ಅಲ್ಲೇ ಕೂತಿತ್ತು. ಆಮೇಲೆ ಜೊಂಡಿನೊಳಗೆ ನುಗ್ಗಿ ಮರೆಯಾಯಿತು. ಭಾವ ನೆಮ್ಮದಿಯಾಗಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡ.

ಪರೀಕ್ಷಕಿ ಬಂದಳು. ಭಾವ ತನ್ನ ಕಥೆ ಹೇಳಿದ, ನಾದಿನಿ ತನ್ನದನ್ನು ಹೇಳಿದಳು. “ಕುಣೀಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಭಾವ ನಕ್ಕ. ಪರೀಕ್ಷಕಿ ನಗಲಿಲ್ಲ, ಅಕ್ಕನ ಕಡೆ ತಿರುಗಿದಳು.

“ನೀವು ನೋಡಿದ್ರಾ? ನಂಬರು ಹೇಗಿತ್ತು?”

“ನಾನು ತಕ್ಕಡಿ ನೋಡ್ತಿದ್ದೆ,” ಎಂದಳು ಅಕ್ಕ. ಆ ಹಕ್ಕಿಯನ್ನು ತಕ್ಕಡಿಗೆ ಹಾಕಿಯೇ ಇರಲಿಲ್ಲ.

“ಹಾಗಾದ್ರೆ ನಾನೇನೂ ಮಾಡೋಕಾಗಲ್ಲ. ಇನ್ನೊಂದು ವರ್ಷ ಇವರ ಹತ್ತಿರಾನೇ ಕೆಲಸ ಮಾಡಿ. ಮತ್ತೆ ಇಂಥ ಕಾಲು ಸಿಕ್ಕಿದ್ರೆ, ಬಿಚ್ಚೋ ಮುಂಚೆ ನಂಬರು ಯಾವ ಕಡೆ ಇದೆ ಅಂತ ಇಬ್ಬರೂ ನೋಡಿಕೊಳ್ಳಿ,” ಎಂದು ಪರೀಕ್ಷಕಿ ಕಾರು ಹತ್ತಿದಳು.

ಬಲೆ ಸುತ್ತುವಾಗ ಅಕ್ಕ ಹತ್ತಿರ ಬಂದಳು. “ನೀನೇನೋ ಆಚೆ ದಡಕ್ಕೆ ಹೋಗ್ತೀಯ. ನಾನೆಲ್ಲಿಗೆ ಹೋಗಲಿ, ಹೇಳು?”

“ನನ್ನನ್ನ ಇನ್ಮೇಲೆ ಮಾತಾಡಿಸಬೇಡ.”

“ಹಾಗನ್ನಬೇಡ್ವೇ...”

“ಕೋಲು ಹಿಡಿ. ಬಲೆ ನೆಲಕ್ಕೆ ತಾಗ್ತಿದೆ.”

ಆ ರಾತ್ರಿ ನಾದಿನಿಗೆ ಒಂದು ಸಮಾಧಾನ ಸಿಕ್ಕಿತು. ಭಾವ ಹಾಕಿದ ಉಂಗುರಗಳು ಒಂದೆರಡಲ್ಲ. ಅವಸರದ ಕೈ ಒಂದು ಸಲ ತಪ್ಪಿದ್ದು ಇನ್ನೊಂದು ಸಲವೂ ತಪ್ಪಿರುತ್ತದೆ. ಆ ಹಕ್ಕಿಗಳು ಎಲ್ಲೋ ಹಾರಾಡುತ್ತಿವೆ. ಬರುತ್ತವೆ, ಬಂದೇ ಬರುತ್ತವೆ. ಬರಲಿ, ಕಾಯುತ್ತೇನೆ ಎಂದುಕೊಂಡು ಮಗ್ಗುಲಾದಳು.

ಮರುದಿನದಿಂದ ಭಾವನೂ ಬಲೆ ನೋಡಲು ಅವಳ ಹಿಂದೆಯೇ ಬರತೊಡಗಿದ. ಅಲ್ಲಿಯವರೆಗೆ ಮೇಜು ಬಿಟ್ಟು ಏಳದ ಮನುಷ್ಯ ಈಗ ಕೆಸರಿನಲ್ಲಿ ಬೂಟು ಪಚಪಚ ಎನ್ನಿಸುತ್ತ ಓಡಿ ಬರುತ್ತಿದ್ದ. ಕೆಲವು ದಿನ ಉಂಗುರವಿದ್ದ ಹಕ್ಕಿಯೇ ಸಿಗಲಿಲ್ಲ. ಆಮೇಲೊಂದು ಬೆಳಿಗ್ಗೆ ಬಲೆಯ ಕೆಳಮಡಿಕೆಯಲ್ಲಿ ಒಂದು ಉಲಿಯಕ್ಕಿ ತೂಗುತ್ತಿತ್ತು. ಕಾಲಿನಲ್ಲಿ ತಗಡು ಮಿಂಚಿತು. ಅವಳು ಓಡಿದಳು. ಹಿಡಿದು ತಿರುಗಿಸಿದಳು. ನಂಬರು ನೆಟ್ಟಗಿತ್ತು. ಊದಿರಲಿ ದೇವರೇ, ಊದಿರಲಿ ಎಂದು ಬೇಡಿಕೊಂಡು ಕಾಲು ನೋಡಿದಳು.

ಕಾಲು ಚೊಕ್ಕವಾಗಿತ್ತು. ಉಂಗುರ ಸಡಿಲವಾಗಿ ಆಡುತ್ತಿತ್ತು.

“ಯಾರದು?” ಭಾವ ಹಿಂದಿನಿಂದ ಏದುಸಿರು ಬಿಡುತ್ತ ಕೇಳಿದ.

“ನಿಮ್ಮದೇ. ಚೆನ್ನಾಗಿದೆ.”

ಅವನು ನೆಮ್ಮದಿಯ ನಿಟ್ಟುಸಿರು ಬಿಟ್ಟ. ಅವಳಿಗೆ ಆಗಲೇ ಗೊತ್ತಾಯಿತು, ಈ ಹಕ್ಕಿಯ ಕಾಲು ಚೆನ್ನಾಗಿರಲಿ ಎಂದು ಅಲ್ಲಿ ಬಯಸಿದವನು ಭಾವ ಒಬ್ಬನೇ. ಅವನನ್ನು ದ್ವೇಷಿಸಲು ಅವಳ ಬಳಿ ಬೇಕಾದಷ್ಟು ಕಾರಣಗಳಿದ್ದವು. ಹಕ್ಕಿಗೇ ಕೇಡು ಬಯಸುವ ಹಾಗೆ ತನ್ನನ್ನು ಮಾಡಿದ್ದ ಎಂಬುದು ಅಂದಿನಿಂದ ಎಲ್ಲಕ್ಕಿಂತ ಮೊದಲಿನದಾಯಿತು.