ಮೂಕಪ್ಪನ ಗೋಡೆ

ಉಬ್ರಾಣಿ ದಾರಿಯ ಆ ಸಣ್ಣ ಊರಿಗೆ ಮೂವತ್ತೊಂದು ವರ್ಷ ನೀರು ಬಿಟ್ಟ ವಾಟರ್‌ಮ್ಯಾನ್ ಮೂಕಪ್ಪ ಶುಕ್ರವಾರ ನಿವೃತ್ತನಾಗುವವನಿದ್ದ. ಯಾವ ಓಣಿಯ ವಾಲ್ವ್ ಎಷ್ಟು ಹೊತ್ತು ತೆರೆಯಬೇಕೆಂದು ಹೊಸಬನಿಗೆ ಮೊಬೈಲೇ ಹೇಳಲಿ ಎಂದು ಪಂಚಾಯ್ತಿಯ ಕಂಪ್ಯೂಟರ್ ಆಪರೇಟರ್ ಸಂಧ್ಯಾರಾಣಿ ಎಐ ಕೈಯಲ್ಲಿ ಒಂದು ಆ್ಯಪ್ ಬರೆಸುತ್ತಿದ್ದಳು. ಹದಿನೈದು ದಿನ ಮೂಕಪ್ಪ ಪಕ್ಕದಲ್ಲಿ ಕೂತು ಹೇಳಿದ್ದ, ಅವಳು ಅದಕ್ಕೆ ತಿಳಿಸಿದ್ದಳು.

ಗುರುವಾರ ಲ್ಯಾಪ್‌ಟಾಪ್ ಕೈಕೊಟ್ಟಿತು. ಮತ್ತೆ ಶುರುವಾದಾಗ ಎಐ ಜೊತೆಗಿನ ಆ ಮಾತುಕತೆಯೆಲ್ಲ ಮಾಯ. ಕೋಡ್ ಇತ್ತು, ಹಾಗೇಕೆ ಬರೆದೆ ಎನ್ನುವುದು ಎಐಗೆ ನೆನಪಿರಲಿಲ್ಲ. ಅದು ಕೋಡ್ ಓದಿ, ಬಲು ವಿನಯದಿಂದ ಒಂದು ತಪ್ಪು ಹಿಡಿಯಿತು: ದಿಬ್ಬದ ಓಣಿಗೆ ಮಾತ್ರ ಇಪ್ಪತ್ತು ನಿಮಿಷ ಹೆಚ್ಚಿದೆ, ಸಮ ಮಾಡಲೇ?

"ಸಮ ಮಾಡಿದ್ರೆ ಅಲ್ಲಿ ಒಂದು ಕೊಡಾನೂ ತುಂಬಲ್ಲ!" ಮೂಕಪ್ಪ ಎದ್ದೇಬಿಟ್ಟ. "ನೀರು ದಿಬ್ಬ ಹತ್ತಾಕೇ ಹದಿನೆಂಟು ನಿಮಿಷ ಬೇಕು."

"ಇದೊಂದನ್ನ ಅದಕ್ಕೆ ಹೇಳ್ತೀನಿ ದೊಡ್ಡಪ್ಪ. ಇಂಥವು ನಲವತ್ತಿದ್ವಲ್ಲ, ಉಳಿದಿದ್ದು ಹೆಂಗೆ? ನಾಳೆ ಹೊಸಬ ಬರ್ತಾನೆ." ಸಂಧ್ಯಾರಾಣಿಗೆ ಅಳುವೊಂದೇ ಬಾಕಿ.

"ಬಾ ತಾಯಿ ನನ್ ಜೊತೆ."

ಪಂಪ್‌ಹೌಸಿನ ಒಳಗೋಡೆಯ ತುಂಬ ಇದ್ದಿಲಿನ ಅಕ್ಷರ. ಹಿಂದೊಮ್ಮೆ ಮೂಕಪ್ಪ ಜ್ವರದಲ್ಲಿ ಮಲಗಿದ್ದಾಗ ಬದಲಿಗೆ ಬಂದವನು ಅರ್ಧ ಊರಿನ ಬಾಯಿ ಒಣಗಿಸಿದ್ದ. ಅಂದಿನಿಂದ ಮೂಕಪ್ಪ ಏನು ಮಾಡಬೇಕೆನ್ನುವುದರ ಜೊತೆಗೆ ಯಾಕೆ ಎನ್ನುವುದನ್ನೂ ಬರೆಯುತ್ತ ಬಂದಿದ್ದ. 'ಶಾಲೆ ವಾಲ್ವ್ ಅರ್ಧ ತಿರುವು ಸಾಕು. ಪೈಪು ಹಳೇದು, ಒಡೀತೈತೆ.' ಅವನು ಓದಿದ, ಅವಳು ಟೈಪ್ ಮಾಡಿದಳು.

ಎಐ ಉತ್ತರಿಸಿತು: "ಈಗ ತಿಳಿಯಿತು. ಇಪ್ಪತ್ತು ನಿಮಿಷ ತಪ್ಪಲ್ಲ, ಮುಟ್ಟುವುದಿಲ್ಲ. ಹಿಟ್ಟಿನ ಗಿರಣಿ ವಾಲ್ವ್‌ಗೆ ಮಾತ್ರ ಕಾರಣ ಸಿಗಲಿಲ್ಲ. ಗೋಡೆ ಬರೆದವರನ್ನು ಕೇಳಬಹುದೇ?"

ಮೂವತ್ತೊಂದು ವರ್ಷದಲ್ಲಿ ನೀರು ಯಾಕೆ ಬರಲಿಲ್ಲ ಎಂದು ಕೇಳದವರಿಲ್ಲ. ಹೇಗೆ ಬರುತ್ತದೆ ಎಂದು ಕೇಳಿದವಳು ಸಂಧ್ಯಾರಾಣಿ ಒಬ್ಬಳೇ, ಈಗ ಇದು. ಮೂಕಪ್ಪನಿಗೆ ಹೆಮ್ಮೆಯೆನಿಸಿತು. ಕೆಮ್ಮಿ, ಸರಿಯಾಗಿ ಕೂತು, ಉತ್ತರ ಹೇಳಿದ.

ಸಂಧ್ಯಾರಾಣಿ ಅದನ್ನೆಲ್ಲ ಒಂದು ಫೈಲಿನಲ್ಲಿಟ್ಟು 'ಮೂಕಪ್ಪನ ಗೋಡೆ' ಎಂದು ಹೆಸರಿಟ್ಟಳು. ಪ್ರತಿ ಸಲ ಅದನ್ನು ಓದಿದ ಮೇಲೆಯೇ ಕೋಡ್ ಮುಟ್ಟಬೇಕೆಂದು ಎಐಗೆ ಅಪ್ಪಣೆಯಾಯಿತು.

ಶನಿವಾರ ಬೆಳಿಗ್ಗೆ, ದಿಬ್ಬದ ಓಣಿಯ ತಮ್ಮ ಮನೆ ಮುಂದೆ ಮೂಕಪ್ಪನ ಹೆಂಡತಿ ಭೀಮಕ್ಕ ಕೊಡ ಇಟ್ಟುಕೊಂಡು ಕೂತಿದ್ದಳು.

"ನಿನ್ನೆ ಪಂಚಾಯ್ತಿಯೋರ ಶಾಲು ಹೊದ್ದಿದ್ದಾತು. ಇನ್ನು ನಿಮ್ಮನ್ನ ಯಾರು ಕೇಳ್ತಾರ್ರೀ?"

ಮೂಕಪ್ಪ ಗಡಿಯಾರ ನೋಡುತ್ತಿದ್ದ. ಹೊಸಬ ವಾಲ್ವ್ ತೆರೆಯಬೇಕಾದ ಹೊತ್ತಿನಿಂದ ಹದಿನೆಂಟನೇ ನಿಮಿಷಕ್ಕೆ ನಲ್ಲಿ ಕೆಮ್ಮಿತು, ನೀರು ಧೋ ಎಂದು ಬಿತ್ತು.

"ತುಂಬ್ಕೋ," ಎಂದ. "ಇವತ್ತು ವಾಲ್ವ್ ಮುಟ್ಟಿದ್ದು ನಾನಲ್ಲ. ಆದ್ರೂ ನೀರು ಬಿಟ್ಟಿದ್ದು ನಾನೇ ಕಣೇ."