ಬಿಗಿ ಕೊಕ್ಕೆ

ವನಜಳ ತಾಯಿ ಸುಂದರಿ ತೀರಿಕೊಂಡದ್ದು ಎದೆಯ ಗಂಟಿನಿಂದ. ಹಳೇ ಸೀರೆಯ ತುಂಡಿನಿಂದ ಎದೆಯನ್ನು ಬಿಗಿದು ಕಟ್ಟಿ, ಬೇವು ಅರಿಸಿನ ಅರೆದು ಹಚ್ಚಿಕೊಂಡು, ಗಂಗೊಳ್ಳಿಯ ಬೀದಿಗಳಲ್ಲಿ ಮೀನಿನ ಬುಟ್ಟಿ ಹೊತ್ತು ತಿರುಗಿದ್ದಳು. ಯಾರಿಗೂ ಹೇಳಿರಲಿಲ್ಲ. ಮನೆಯವರು ಆ ಬಟ್ಟೆ ಬಿಚ್ಚಿ ನೋಡುವ ಹೊತ್ತಿಗೆ ಡಾಕ್ಟರರ ಕೈ ಮೀರಿತ್ತು. ಅದು ೧೯೯೭ರ ಮಾತು. ವನಜಳಿಗೆ ಆಗ ಹದಿನೇಳು.

ಸಾಯುವ ಹಿಂದಿನ ವರ್ಷವೇ ತಾಯಿ ಅವಳಿಗೆ ಮೊದಲ ಬಾಡಿ ತಂದುಕೊಟ್ಟಿದ್ದಳು. ಬೆನ್ನ ಹಿಂದೆ ನಿಂತು ಕೊಕ್ಕೆ ಎಳೆದು ಹಾಕುತ್ತಾ, "ಬಿಗಿ ಇರ್ಕ್ ಹೆಣೆ. ಸಡ್ಲ ಆರೆ ಕಂಡವ್ರ್ ನಗಾಡ್ತ್ರ್" ಎಂದಿದ್ದಳು. ಮೂವತ್ತೆರಡರ ಅಳತೆ. ಮದುವೆಯಾಗಿ ಕಿರಿಮಂಜೇಶ್ವರಕ್ಕೆ ಬಂದು, ಎರಡು ಹೆರಿಗೆಯಾಗಿ ಮೈ ತುಂಬಿಕೊಂಡ ಮೇಲೂ ವನಜ ಅಂಗಡಿಯಲ್ಲಿ ತಲೆ ತಗ್ಗಿಸಿ ಅದೇ ಅಳತೆ ಹೇಳುತ್ತಿದ್ದಳು. ಗಂಡಸರು ನಿಂತ ಕೌಂಟರಿನಲ್ಲಿ ಎರಡನೇ ಮಾತಾಡಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

೨೦೧೦ರ ಮಳೆಗಾಲ ಕಳೆದ ಮೇಲೆ ಅವಳ ಎಡ ಎದೆಯ ಕೆಳಗೆ ನೋವು ಶುರುವಾಯಿತು. ತಾಯಿಗೆ ಗಂಟಿದ್ದ ಜಾಗದಲ್ಲೇ ಕೆಂಪು ಗೀರು. ಬೆಳಿಗ್ಗೆ ಮಿಂದು ಬಂದರೆ ಕೋಣೆಯಲ್ಲಿ ಬೇವು ಅರಿಸಿನದ ವಾಸನೆ. ಕೊಕ್ಕೆ ಹಾಕುವಾಗ ತನ್ನ ಬೆರಳುಗಳ ಮೇಲೆ ಇನ್ಯಾರದೋ ತಣ್ಣನೆಯ ಬೆರಳು. ತಿರುಗಿದರೆ ಯಾರೂ ಇಲ್ಲ. ತಾಯಿ, ತನ್ನ ಅಬ್ಬಿ, ತನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಾಳೆ ಎಂದುಕೊಂಡಳು. ಮೀನಿಗೆ ಹೋಗುವ ಗಂಡ ಪಾಂಡುವಿಗೆ ಏನೂ ಹೇಳಲಿಲ್ಲ.

ಪಾಂಡುವಿನ ಅಣ್ಣನ ಹೆಂಡತಿ ಸುಗುಣ ಮುಂಬಯಿಯಲ್ಲಿ ಬಹಳ ವರ್ಷ ಇದ್ದು ಊರಿಗೆ ಮರಳಿದವಳು. ಒಂದು ಮಧ್ಯಾಹ್ನ ಅವಳು ಒಳಗೆ ಬಂದಾಗ ವನಜ ಹಳೇ ಸೀರೆ ಹರಿದು ಎದೆಗೆ ಸುತ್ತಿಕೊಳ್ಳುತ್ತಿದ್ದಳು.

"ಎಂತ ಮಾಡ್ತಿದ್ದೆ ಹೆಣೆ?"

"ಅಬ್ಬಿಯ ಸೀಕ್ ನಂಗೂ ಬಂದಿತ್ ಅಕ್ಕ. ಅಬ್ಬಿ ದಿನಾ ಬಂದ್ ಹಿಂದೆ ನಿಂತ್ಕಂತ್."

ಸುಗುಣ ಆ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದಳು. "ನಾಳೆ ಕುಂದಾಪ್ರಕ್ಕೆ ಹೋಪ" ಎಂದಳು.

ಕುಂದಾಪುರದ ಲೇಡಿ ಡಾಕ್ಟರು ಮುಟ್ಟಿ ನೋಡಿದರು, ಸ್ಕ್ಯಾನ್ ಮಾಡಿಸಿದರು. "ಗಂಟಿಲ್ಲ. ಬ್ರಾ ಪಟ್ಟಿ ಕೊರೆದು ಗಾಯ ಆಗಿದೆ, ಅಷ್ಟೇ. ಸರಿಯಾದ ಅಳತೆಯದ್ದು ತಗೊಳ್ಳಿ" ಎಂದರು. ತಿಂಗಳಿಗೊಮ್ಮೆ ತಾನೇ ಹೇಗೆ ಮುಟ್ಟಿ ನೋಡಿಕೊಳ್ಳಬೇಕೆಂದೂ ತೋರಿಸಿದರು. ಸುಗುಣ ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

ಅಲ್ಲಿಂದ ಇಬ್ಬರೂ, ಹೆಂಗಸರೇ ನಡೆಸುವ ಅಂಗಡಿಯೊಂದಕ್ಕೆ ಹೋದರು. ಅಂಗಡಿಯ ಜಲಜ ಟೇಪು ಹಿಡಿದು ಅಳೆದು, "ಮೂವತ್ತಾರ್ ಬೇಕ್ ನಿಮ್ಗೆ" ಎಂದು ನಾಲ್ಕೈದು ಬ್ರಾ ಕೊಟ್ಟು ಪರದೆಯ ಹಿಂದೆ ಕಳಿಸಿದಳು. "ಹೊರಗಿನ್ ಕೊಕ್ಕೆ ಹಾಕಿ ಕಾಣಿ. ಪಟ್ಟಿ ಒಳ್ಗೆ ಎರಡ್ ಬೆರಳ್ ಹೋಯ್ಕ್. ಕೈ ಎತ್ರೆ ಮೇಲ್ ಬಪ್ಪುಕಾಗ."

ಮೊದಲನೆಯದು ಎದೆಯ ಬಟ್ಟಲಲ್ಲಿ ಸುಕ್ಕಾಯಿತು. ಎರಡನೆಯದರ ಭುಜದ ಪಟ್ಟಿ ಜಾರಿತು. ಮೂರನೆಯದು ಮೆತ್ತನೆಯ ಹತ್ತಿಯದು. ಹಾಕಿಕೊಂಡಾಗ ಉಸಿರು ಹೊಟ್ಟೆಯವರೆಗೂ ಇಳಿಯಿತು. ವನಜಳಿಗೆ ಹೆದರಿಕೆಯಾಯಿತು. ಬೇವಿನ ವಾಸನೆ ಬಂತು. ತಣ್ಣನೆಯ ಬೆರಳುಗಳು ಬೆನ್ನಿಗೆ ತಾಗಿ ಕೊಕ್ಕೆಯನ್ನು ಒಳಗಿನ ಬಿಗಿ ಸಾಲಿಗೆ ಎಳೆಯತೊಡಗಿದವು. ಕನ್ನಡಿಯಲ್ಲಿ ಅವಳೊಬ್ಬಳೇ.

ಅವಳು ಕೈ ಹಿಂದೆ ಒಯ್ದು ಕೊಕ್ಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬ್ಯಾಡ ಅಬ್ಬಿ" ಎಂದಳು ಪಿಸುದನಿಯಲ್ಲಿ. "ನಂಗ್ ಉಸ್ರ್ ಕಟ್ತ್."

ಬೆರಳುಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದು ಸಡಿಲವಾದವು. ವನಜ ಅದನ್ನೇ ಕೊಂಡು, ಅದನ್ನೇ ಹಾಕಿಕೊಂಡು ಹೊರಬಂದಳು.

ಬಸ್ಸಿನಲ್ಲಿ ಸುಗುಣ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹೆಮ್ಮಾಡಿ ಹತ್ತಿರವಾದಾಗ ಬಾಯಿ ಬಿಟ್ಟಳು.

"ನಂಗೂ ಒಂದ್ ಗಂಟ್ ಇತ್ತ್ ವನಜ. ಬಲಬದಿಗೆ, ಈಗ್ಳೂ ಇತ್ತ್. ಮುಂಬಯಿಂದ ಬಪ್ಪತಿಗೇ ಇದ್ದಿತ್. ನೋವಿಲ್ಲೆ ಅಂದೇಳಿ ಸುಮ್ನಿದ್ದೆ."

"ಯಾರಿಗಾರೂ ಹೇಳಿದ್ರಿಯಾ?"

"ಇಲ್ಲೆ. ನೀನೂ ಹೇಳ್ಬೇಡ."

ತುಂಬಿದ ಬಸ್ಸಿನಲ್ಲಿ ಬೇವು ಅರಿಸಿನದ ವಾಸನೆ ಎದ್ದಿತು. ಈ ಸಲ ಅದು ತನ್ನ ಬೆನ್ನ ಹಿಂದಿನಿಂದಲ್ಲ, ಸುಗುಣಳ ಪಕ್ಕದಿಂದ ಬರುತ್ತಿದೆ ಅನಿಸಿತು ವನಜಳಿಗೆ. ಎದ್ದು ನಿಂತು ಕಂಡಕ್ಟರನಿಗೆ ಬಸ್ಸು ನಿಲ್ಲಿಸಲು ಹೇಳಿದಳು.

"ಎಲ್ಲಿಗೆ ಹೆಣೆ?"

"ವಾಪಾಸ್ ಹೋಪ ಅಕ್ಕ. ಡಾಕ್ಟ್ರ್ ಇನ್ನೂ ಇರ್ತ್ರ್."

ಸುಗುಣ ಕೈ ಕೊಸರಿಕೊಂಡಳು. ವನಜ ಬಿಡಲಿಲ್ಲ. ಎಲ್ಲರೂ ನೋಡುತ್ತಿದ್ದಂತೆಯೇ ಅವಳನ್ನು ಇಳಿಸಿಕೊಂಡು, ರಸ್ತೆ ದಾಟಿ ಕುಂದಾಪುರದ ಬಸ್ಸು ಹತ್ತಿಸಿದಳು.

ಗಂಟು ಕೆಟ್ಟದ್ದೇ ಆಗಿತ್ತು. ಒಂದು ಎದೆ ತೆಗೆದರು, ಕೂದಲು ಉದುರಿತು, ಸುಗುಣ ಉಳಿದಳು. ತಾಯಿ ಬಂದದ್ದು ಯಾರಿಗಾಗಿ ಎಂದು ವನಜಳಿಗೆ ಇವತ್ತಿಗೂ ಗೊತ್ತಿಲ್ಲ. ಗೀರು ಮಾಸಿದೆ. ಆದರೆ ಕೆಲವು ಬೆಳಿಗ್ಗೆ ಕೋಣೆಯಲ್ಲಿ ಆ ವಾಸನೆ ಇದ್ದೇ ಇರುತ್ತದೆ. ಅವಳು ಕಿಟಕಿ ತೆರೆಯುವುದಿಲ್ಲ.

ಆಪರೇಷನ್ನಿನ ಮರುವರ್ಷ ಇಬ್ಬರೂ ಜಲಜಳ ಅಂಗಡಿಗೆ ಹೋದರು. ಬಟ್ಟಲ ಒಳಗೆ ಜೇಬಿನಂತೆ ಹೊಲಿದು, ಅದರಲ್ಲಿ ಮೆತ್ತನೆಯ ಪ್ಯಾಡು ಇಟ್ಟ ಬ್ರಾ ತರಿಸಿದ್ದಳು ಜಲಜ. ಪರದೆಯ ಹಿಂದೆ ಹೋದ ಸುಗುಣ ಬಹಳ ಹೊತ್ತಾದರೂ ಹೊರಬರಲಿಲ್ಲ. ಹೊರಗೆ ಕಾಯುತ್ತಿದ್ದ ವನಜಳಿಗೆ ಕರೆಯಲೂ ಭಯ.

ಕೊನೆಗೆ ಒಳಗಿನಿಂದ ದನಿ ಬಂತು. "ವನಜ, ಇದ್ರಲ್ ಬೇರೆ ಬಣ್ಣ ಇತ್ತಾ ಕೇಳ್. ಬಿಳಿ ನಂಗಾಗ."