ಸರ್ವರ್ ನಮ್ಮದೇ, ದಾರಿ ಯಾರದು?

ಕಾಫಿ ಅಂಗಡಿಯವನು ಲೋಟ ಇಡುತ್ತಾ ಪಿಟೀಲು ರಿಪೇರಿಯವರ ಕಿವಿಯ ಹತ್ತಿರ ಬಗ್ಗಿದ. "ನಿಮ್ಮನೇಲಿ ಕ್ರಿಪ್ಟೋ ವ್ಯಾಲೆಟ್ ಇದೆ ಅಂತ ಗೊತ್ತೇ ಇರಲಿಲ್ಲ ಸಾರ್. ನಮ್ಮ ವೈಫೈನಲ್ಲಿ ಎಲ್ಲಾ ಕಾಣುತ್ತೆ. ನಾನಾಗಿದ್ದಕ್ಕೆ ಸರಿಹೋಯ್ತು."

ರಿಪೇರಿಯವರು ಅರ್ಧ ಕಾಫಿ ಅಲ್ಲೇ ಬಿಟ್ಟು ಮನೆಗೆ ನಡೆದರು. ದೂರದ ಗಿರಾಕಿಗಳು ರಿಪೇರಿ ಹಣವನ್ನು ಕ್ರಿಪ್ಟೋ ಎಂಬ ಡಿಜಿಟಲ್ ಹಣದಲ್ಲೇ ಕಳಿಸುತ್ತಿದ್ದರು. ಬೇರೆಯವರ ಸರ್ವರ್ ನಂಬದೆ, ಹಳೇ ಲ್ಯಾಪ್‌ಟಾಪನ್ನೇ ವ್ಯಾಲೆಟ್ ಸರ್ವರ್ ಮಾಡಿ ಮನೆಯಲ್ಲಿಟ್ಟು, ಅದರ ಲೆಕ್ಕವನ್ನು ಕಾಫಿ ಅಂಗಡಿಯ ವೈಫೈನಿಂದ ಫೋನಿನಲ್ಲಿ ನೋಡುತ್ತಿದ್ದರು.

ವಿಷಯ ಕೇಳಿ ಹೆಂಡತಿ ಹೋಗಿ ಬಾಗಿಲ ಚಿಲಕ ಹಾಕಿದಳು. "ನಾಳೆ ಯಾರಾದರೂ ಬಾಗಿಲಿಗೇ ಬಂದರೆ? ಅದನ್ನ ತೆಗೆದುಬಿಡಿ." ನೆಟ್‌ವರ್ಕ್ ಕೆಲಸ ಮಾಡುವ ತನ್ನ ತಂಗಿಗೆ ತಾನೇ ಫೋನ್ ಮಾಡಿದಳು. ಸಂಜೆಯೇ ಅವಳು ಬಂದಳು.

"ಸರ್ವರ್ ನಂದೇ ಅಲ್ವೇನಮ್ಮಾ? ಬೇರೆಯವರಿಗೆ ಹೇಗೆ ಕಾಣುತ್ತೆ?" ರಿಪೇರಿಯವರು ಒಪ್ಪಲಿಲ್ಲ.

"ಸರ್ವರ್ ನಿಮ್ಮದು ಭಾವ, ದಾರಿ ನಿಮ್ಮದಲ್ಲ. ಫೋನಿಂದ ಹೊರಟಿದ್ದು ಅಂಗಡಿ ವೈಫೈ ದಾಟಿಯೇ ಮನೆಗೆ ಬರಬೇಕು. ನೀವು ಕವರಿಲ್ಲದೆ ಕಾಗದ ಕಳಿಸಿದ ಹಾಗೆ ಮಾಡಿದ್ದೀರಿ. ಕೈಗೆ ಸಿಕ್ಕವರೆಲ್ಲ ಓದಬಹುದು."

"ಹಣ ಕದೀತಾರಾ?"

"ವ್ಯಾಲೆಟ್‌ನ ರಹಸ್ಯ ಪದಗಳು ಗುಟ್ಟಾಗಿರೋವರೆಗೆ ಹೀಗೆ ನೋಡಿದ ಮಾತ್ರಕ್ಕೆ ಕದಿಯೋಕಾಗಲ್ಲ. ಆದರೆ ಎಷ್ಟಿದೆ, ಯಾರ ಹತ್ತಿರ ಇದೆ ಅಂತ ತಿಳಿದರೆ ಸಾಲದಾ, ಕಾಟ ಕೊಡೋಕೆ?"

ನಾದಿನಿ ಮೊದಲು ಮನೆಯ ವೈಫೈ ರೂಟರಿನಲ್ಲಿ ಹೊರಗಿನವರಿಗೆ ತೆರೆದಿದ್ದ ದಾರಿ ಮುಚ್ಚಿದಳು. ಆಮೇಲೆ ಸರ್ವರಿಗೂ ಫೋನಿಗೂ ಟಾರ್ ಎಂಬ ತಂತ್ರಾಂಶ ಹಾಕಿದಳು. "ಇದು ಬೀಗ ಹಾಕಿ, ಹಲವರ ಕೈ ದಾಟಿಸಿ ಕಳಿಸುತ್ತೆ. ಪೂರ್ತಿ ದಾರಿ ಅವರಲ್ಲಿ ಒಬ್ಬರಿಗೂ ತಿಳಿಯಲ್ಲ."

"ನಿಧಾನ ಆಯ್ತಲ್ಲ," ರಿಪೇರಿಯವರು ಫೋನಿನಲ್ಲಿ ವ್ಯಾಲೆಟ್ ತೆರೆದು ಗೊಣಗಿದರು.

"ಪಿಟೀಲಿಗೆ ಅಂಟು ಹಚ್ಚಿ ಇಡೀ ದಿನ ಕಾಯ್ತೀರಿ. ಇದಕ್ಕೆ ನಾಲ್ಕು ಸೆಕೆಂಡ್ ಕಾಯೋಕಾಗಲ್ವಾ?"

ಬೆಳಗಿನಿಂದ ಮುಖ ಗಂಟಿಕ್ಕಿಕೊಂಡಿದ್ದ ಹೆಂಡತಿ ನಕ್ಕುಬಿಟ್ಟಳು.

ಮರುದಿನ ಮೂವರೂ ಕಾಫಿಗೆ ಹೋದರು. ರಿಪೇರಿಯವರು ಫೋನಿನಲ್ಲಿ ವ್ಯಾಲೆಟ್ ತೆರೆದು, "ಈಗೇನು ಕಾಣುತ್ತೆ ನೋಡಪ್ಪಾ," ಎಂದರು. ಅಂಗಡಿಯವನು ತನ್ನ ಗಲ್ಲಾದ ಬಳಿಯ ಕಂಪ್ಯೂಟರ್ ಪರದೆ ನೋಡಿ ತಲೆ ಕೆರೆದುಕೊಂಡ. "ಟಾರ್ ಅಂತ ಕಾಣುತ್ತೆ. ಎಲ್ಲಿಗೆ, ಏನು ಹೋಗ್ತಿದೆ, ಒಂದೂ ತಿಳೀತಿಲ್ಲ."

"ಹಾಗಾದ್ರೆ ಸರ್ವರ್ ಮನೇಲೇ ಇರಲಿ," ಎಂದಳು ಹೆಂಡತಿ.

ನೀವೂ ಸ್ವಂತ ವ್ಯಾಲೆಟ್ ಸರ್ವರ್ ಇಟ್ಟುಕೊಂಡಿದ್ದೀರಾ? ಒಳ್ಳೆಯ ಕೆಲಸ. ಹೊರಗಿನ ವೈಫೈನಿಂದ ಅದನ್ನು ಮುಟ್ಟುವ ಮುಂಚೆ ದಾರಿಗೆ ಬೀಗ ಇದೆಯೇ ನೋಡಿಕೊಳ್ಳಿ. ಗೊತ್ತಾಗದಿದ್ದರೆ ಬಲ್ಲವರನ್ನು ಕೇಳಿ, ಸಂಕೋಚ ಬೇಡ. ರಹಸ್ಯ ಪದಗಳನ್ನು ಮಾತ್ರ ಯಾರಿಗೂ ಹೇಳಬೇಡಿ, ಎಷ್ಟೇ ಜಾಣ ನಾದಿನಿಯಾದರೂ ಸರಿ.